ತಗಡಿನ ಕೆಳಗಿನ ನೀಲಿ

ಅಕ್ಟೋಬರ್ ೧೪, ಮಂಗಳವಾರ

ಗಿಟಾರ್ ರಿಪೇರಿಗಂತ ಹೋಗಿದ್ದ ಖಾನಾಪುರದಿಂದ ಬೆಳಗಾವಿಯ ನನ್ನ ಅಂಗಡಿಗೆ ವಾಪಸ್ ಬಂದ್ರೂ ಆ ನೀಲಿ ಕಣ್ಣಾಗಿಂದ ಹೋಗವಲ್ದು.

ದಿಗಂಬರ ಕಾಕಾ ಹರೇದಾಗ ಆರ್ಕೆಸ್ಟ್ರಾದಾಗ ಬಾರಿಸಿದ ಬೇಸ್ ಗಿಟಾರ್ ಯಾರ ನೋಡಿದ್ರೂ ಹಸರು. ಕಾಕಾ ಮಾತ್ರ "ನಂದು ನೀಲಿ ಗಿಟಾರ್" ಅಂತಾರ. ಅಪ್ಪಗ ಮರವು ಹತ್ತೇತಿ ಅಂತ ಮಗಳು ಶುಭದಾಗ ಚಿಂತಿ. "ವರ್ಷಾ ವರ್ಷಾ ದಸರಾದಾಗ ಖಂಡೇಪೂಜಿಗೆ, ಆಯುಧಕ್ಕ ಹಚ್ಚಿದಂಗ ಅರಿಶಿಣ ಹಚ್ಚಿ ಹಚ್ಚಿ ನೀಲಿ ಹಸರಾಗಿರಬೇಕೇನ್ರಿ?" ಅಂತ ಶುಭದಾ ಆಸೆಯಿಂದ ಕೇಳಿದ್ರು. ತೊಯ್ಸಿದ ಅರಿವಿಲೆ ಒರಸಿದೆ. ಅರಿವಿಗೆ ಹಳದಿ ಏನೂ ಹತ್ತಲಿಲ್ಲ. ಅವರ ಮಾರಿ ಸಣ್ಣ ಆತು.

ಆಮ್ಯಾಲೆ ತಂತಿ ಸಡ್ಲ ಮಾಡಿ, ಮುಂದಿನ ಪ್ಲಾಸ್ಟಿಕ್ ತಗಡಿನ ಸ್ಕ್ರೂ ಬಿಚ್ಚಿ ಎತ್ತಿದೆ. ಬೆಳಕ ಕಾಣದ ಆ ಜಾಗಾದಾಗ ಅಗಸಿ ಹೂವಿನಂಥಾ ತಿಳಿ ನೀಲಿ! ಬಿಸಲಿಗೆ ಹಳದಿ ಆಗಿ ನೀಲಿನ ಹಸರ ಕಾಣೂ ಹಂಗ ಮಾಡಿದ್ದು ಬಣ್ಣದ ಮ್ಯಾಲಿನ ವಾರ್ನಿಶ್, ಅಷ್ಟ. ಶುಭದಾ ಅಪ್ಪನ ಕೈ ಹಿಡಕೊಂಡು ಅತ್ರು.

"ಎಲ್ಲಾ ಕಡೆ ಇದ ನೀಲಿ ಹೊಡೀಲೇನ್ರಿ ಕಾಕಾ?" ಅಂದೆ.

"ಬ್ಯಾಡಪಾ. ಲಗೂನ ತಗಡ ಹಾಕ. ಬೆಳಕ ಬಿದ್ರ ಇದೂ ಹಸರಾಗತೈತಿ."

ನಾನಾಗಿದ್ರ ಓಣಿ ಮಂದಿನೆಲ್ಲಾ ಕರದ ತೋರಸ್ತಿದ್ದೆ. ಅವರು ಒಂದೊಂದ ಸ್ಕ್ರೂ ತಾವ ಆರಿಸಿ ನನ್ನ ಕೈಗೆ ಕೊಟ್ರು, ಕಡೇ ಸ್ಕ್ರೂ ಕೊಡೂ ಮುಂದ ಮಾತ್ರ ಸ್ವಲ್ಪ ತಡದು, ತಗಡಿನ ಮೂಲಿ ತುಸು ಎತ್ತಿ ಆ ನೀಲಿನ ಇನ್ನೊಮ್ಮೆ ನೋಡಿ, ಆಮ್ಯಾಲೆ ಕೊಟ್ರು.