ನೇರಳೆ ಮರಕ್ಕೆ ಕಟ್ಟಿದ ದೋಣಿ

ಅಂಜನಾಪುರದ ದಡ,
ಶಿಕಾರಿಪುರ ತಾಲ್ಲೂಕು
೧೬ ಆಗಸ್ಟ್ ೧೯೫೭, ಶುಕ್ರವಾರ

ಶ್ರೀ ಮಹೇಶ್ವರಪ್ಪನವರಿಗೆ,

ನಮಸ್ಕಾರ. ಇಷ್ಟು ವರ್ಷ ನಿಮಗೆ ಬರೆದ ಯಾವ ಕಾಗದದಲ್ಲೂ ನಾನು ನಿಮ್ಮ ಹೆಸರು ಬರೆದವಳಲ್ಲ. ‘ಇವರಿಗೆ’ ಎಂದೇ ಶುರುಮಾಡುತ್ತಿದ್ದೆ. ಮೊನ್ನೆ ಬುಧವಾರ ನಾಲ್ಕು ಜನರ ಎದುರಿಗೆ ಅದನ್ನು ಗಟ್ಟಿಯಾಗಿ ಹೇಳಬೇಕಾಗಿ ಬಂತು. ಒಮ್ಮೆ ಬಾಯಿಗೆ ಬಂದದ್ದು ಕೈಗೂ ಬಂದಿದೆ. ಓದುವಾಗ ನಿಮಗೆ ಕಸಿವಿಸಿಯಾದರೆ ಆಗಲಿ.

ಕುಪ್ಪಗಡ್ಡೆಯಿಂದ ನೀವು ಹಾಕಿದ ಕಾರ್ಡು ಈ ಬೆಳಿಗ್ಗೆ ತಲುಪಿತು. ಅಣ್ಣನ ಮಗನಿಗೆ ನೋಡಿದ ಹುಡುಗಿ ಲಕ್ಷಣವಾಗಿದ್ದಾಳೆ, ಮಾತು ಇನ್ನೂ ಮುಗಿದಿಲ್ಲ, ಮತ್ತೆ ಕೆಲವು ದಿನ ನಿಲ್ಲಬೇಕಾಗುತ್ತದೆ ಎಂದಿದ್ದೀರಿ. ಕೊನೆಗೆ ‘ದೋಣಿ ಕ್ಷೇಮವೆ?’ ಎಂದು ಕೇಳಿ ಅಡಿಗೆರೆ ಎಳೆದಿದ್ದೀರಿ. ದೋಣಿಯ ಕ್ಷೇಮ ಕೇಳುವವರಿಗೆ ಹೆಂಡತಿಯ ಕ್ಷೇಮಕ್ಕೆ ಕಾರ್ಡಿನಲ್ಲಿ ಜಾಗ ಸಾಲಲಿಲ್ಲ ಎಂದುಕೊಳ್ಳುತ್ತೇನೆ. ಅದಕ್ಕೇ ನಾನು ಕಾರ್ಡು ಬಿಟ್ಟು ಲಕೋಟೆ ತೆಗೆದುಕೊಂಡೆ. ನನಗೆ ಜಾಗ ಬೇಕು.

ನೀವು ಹೊರಡುವ ದಿನ ದೋಣಿಗೆ ಮಾಡಿದ ಬಂದೋಬಸ್ತನ್ನು ನಾನು ಜಗುಲಿಯ ಮೇಲೆ ಕೂತು ನೋಡುತ್ತಿದ್ದೆ. ತೊಡೆಯ ಮೇಲೆ ಕವಿತೆಯ ಪುಸ್ತಕವಿತ್ತು, ಕಣ್ಣು ನಿಮ್ಮ ಕೈಯ ಮೇಲಿತ್ತು. ಮೊದಲು ಎಂಜಿನ್ನಿಗೆ ಟಾರ್ಪಾಲು ಹೊದಿಸಿದಿರಿ. ಆಮೇಲೆ ಆಲೆಮನೆಯಿಂದ ಕಬ್ಬಿಣದ ಸರಪಳಿ ತರಿಸಿ, ಮೂತಿಯ ಬಳೆಗೆ ಪೋಣಿಸಿ, ನೇರಳೆ ಮರದ ಬುಡಕ್ಕೆ ಬಿಗಿಯಾಗಿ ಸುತ್ತಿ, ಬೀಗ ಜಡಿದಿರಿ. ಹಿಂಬದಿಯನ್ನು ಕಲ್ಲುಗೂಟಕ್ಕೆ ಬಿಗಿದಿರಿ. ಅಲ್ಲಾಡಲು ಗೇಣು ಜಾಗವನ್ನೂ ಬಿಡಲಿಲ್ಲ. ಕಾರಹುಣ್ಣಿಮೆಗೆ ಎತ್ತುಗಳ ಜೊತೆ ದೋಣಿಯ ಮೂತಿಗೂ ಕೆಮ್ಮಣ್ಣು ಬಳಿದು, ಗೊಂಡೆ ಕಟ್ಟಿ, ‘ಇದು ನಮ್ಮನೆ ಮೂರನೇ ಎತ್ತು’ ಎಂದು ನಗುತ್ತಿದ್ದವರಲ್ಲವೆ ನೀವು. ಎತ್ತಿನ ಹಾಗೆಯೇ ಕಟ್ಟಿದಿರಿ. ಗಿಡ್ಡ ಕಟ್ಟಿದರೆ ಪಕ್ಕದವರ ಗದ್ದೆಗೆ ಬಾಯಿ ಹಾಕುವುದಿಲ್ಲ ಎಂಬ ಲೆಕ್ಕ. ನೀರು ಕೊಟ್ಟಿಗೆಯ ನೆಲವಲ್ಲ, ಏರುತ್ತದೆ, ಇಳಿಯುತ್ತದೆ. ಇಷ್ಟು ವರ್ಷ ಕೆರೆಯ ದಡದಲ್ಲಿ ಬಾಳಿದವರಿಗೆ ಅದು ಹೊಳೆಯಲಿಲ್ಲ. ನನಗೆ ಹೊಳೆಯಿತು. ಹೇಳಿದೆ ಕೂಡ. ‘ಸ್ವಲ್ಪ ಸಡಿಲ ಬಿಡ್ರೀ’ ಎಂದದ್ದಕ್ಕೆ, ಸಡಿಲ ಬಿಟ್ಟೇ ಈ ಗತಿ ಬಂದಿದೆ ಎಂದಿರಿ. ಆ ಮಾತು ದೋಣಿಗೆ ಹೇಳಿದ್ದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಅದಾದ ಮೇಲೆ ಎಂಜಿನ್ನಿನ ಪ್ಲಗ್ ಬಿಚ್ಚಿ, ಕರವಸ್ತ್ರದಲ್ಲಿ ಸುತ್ತಿ, ಕೋಟಿನ ಜೇಬಿಗೆ ಇಳಿಸಿದಿರಿ. ಬೀಗದ ಕೈಯೂ ಅದೇ ಜೇಬಿಗೆ. ಕಳ್ಳರು ಬಂದರೆ ಕಬ್ಬಿಣದ ಸರಪಳಿ ಸಾಕಿತ್ತು. ಪ್ಲಗ್ ಬಿಚ್ಚಿದ್ದು ಎಂಜಿನ್ ಓಡಿಸಲು ಬರುವವಳ ಭಯಕ್ಕೆ. ಈ ದಡದಲ್ಲಿ ಅದು ಬರುವುದು ಇಬ್ಬರಿಗೇ. ಒಬ್ಬರು ಕುಪ್ಪಗಡ್ಡೆಗೆ ಹೊರಟಿದ್ದಿರಿ.

ನಿಮ್ಮ ಭಯದ ಮೂಲ ನನಗೆ ತಿಳಿಯದ್ದೇನಲ್ಲ. ಶಿರಾಳಕೊಪ್ಪದ ಸಂತೆಯಲ್ಲಿ ಯಾರೋ ನಿಮ್ಮನ್ನು ನಿಲ್ಲಿಸಿ, ‘ಏನ್ರೀ ಗೌಡ್ರೇ, ಅಮ್ಮಾರು ಎಂ.ಎ. ಓದಿದ್ದು ದೋಣಿ ಓಡ್ಸಾಕಾ?’ ಎಂದು ನಕ್ಕರಂತೆ. ಕುಪ್ಪಗಡ್ಡೆಯ ಬೀಗರಾಗುವವರೂ ಅದನ್ನೇ ಕೇಳಿ ಕಳಿಸಿದರಂತೆ. ಮಾತು ಮುಗಿಯುವವರೆಗಾದರೂ ನಾನು ದೋಣಿ ಹತ್ತದೆ ಇದ್ದರೆ ಮನೆತನದ ಮರ್ಯಾದೆ ದಡ ಸೇರುತ್ತದೆ ಎಂಬುದು ನಿಮ್ಮ ಯೋಚನೆ. ಬಾಯಿಬಿಟ್ಟು ಕೇಳಿದ್ದರೆ ಒಪ್ಪುತ್ತಿದ್ದೆನೋ ಏನೋ. ನೀವು ಕೇಳಲಿಲ್ಲ. ಉಜ್ಜಪ್ಪನನ್ನು ಕರೆದು, ‘ಅಮ್ಮಾರು ಹೇಳಿದ್ರೂ ಬಿಚ್ಚಬ್ಯಾಡ’ ಎಂದಿರಿ. ನನಗೆ ಕೇಳಿಸಲೆಂದೇ ಸ್ವಲ್ಪ ಗಟ್ಟಿಯಾಗಿ ಹೇಳಿದಿರಿ. ನಮ್ಮ ಗದ್ದೆ ನೋಡಿಕೊಳ್ಳುವ ಆಳಿನ ಎದುರಿಗೆ.

ಈಗ ದೋಣಿಯ ಕ್ಷೇಮ ಕೇಳಿ.

ಸೋಮವಾರ ಇಲ್ಲಿ ಬರೀ ತುಂತುರು. ಮಳೆಯೆಲ್ಲ ಮೇಲೆ, ಹೊಂಬುಜದ ಕಡೆ. ಮಂಗಳವಾರ ಕುಮುದ್ವತಿ ಕೆಂಪಾಗಿ ಬಂದಳು. ಬುಧವಾರ ಎದ್ದು ನೋಡಿದರೆ ನೀರು ನೇರಳೆ ಮರದ ಬುಡಕ್ಕೆ ಬಂದಿತ್ತು. ನೀರು ಏರಿದ ಹಾಗೆ ಏಳಬೇಕಾದ ದೋಣಿ ಏಳಲಾರದೆ, ಮೂಗುದಾರ ಹಿಡಿದು ಕೆಳಗೆ ಜಗ್ಗಿದ ದನದ ಹಾಗೆ ಮೂತಿಯನ್ನು ನೀರಿಗೆ ಒತ್ತಿಕೊಂಡು ನಿಂತಿತ್ತು. ಅಲೆ ಬಂದಾಗಲೆಲ್ಲ ಒಂದೊಂದು ಗುಟುಕು ಒಳಕ್ಕೆ. ಬಿಚ್ಚಿ ಬಿಟ್ಟಿದ್ದರೂ ಇಷ್ಟು ಕೆಡುತ್ತಿರಲಿಲ್ಲ. ನಿಮ್ಮ ಬಂದೋಬಸ್ತೇ ಅದನ್ನು ಮುಳುಗಿಸುತ್ತಿತ್ತು.

ಅದೇ ಹೊತ್ತಿಗೆ ಆಚೆ ದಡದಲ್ಲಿ ಬಿದಿರಿನ ತುದಿಗೆ ಕೆಂಪು ಸೀರೆ ಏರಿತು.

ಕೆಂಪು ಸೀರೆ ಎಂದರೇನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಬಿಳಿ ಪಂಚೆಯಾದರೆ ಗದ್ದೆಯ ಕೆಲಸ, ನಿಧಾನಕ್ಕೆ ಬನ್ನಿ. ಕೆಂಪು ಸೀರೆಯಾದರೆ ಹೆರಿಗೆ, ಕೂಡಲೆ ಬನ್ನಿ. ಆ ಕಟ್ಟಳೆ ಮಾಡಿದವರು ನೀವೇ. ಕಲ್ಲಪ್ಪನ ಹೆಂಡತಿ ಮೂಕಮ್ಮನಿಗೆ ದಿನ ತುಂಬಿದೆಯೆಂದು ನಿಮಗೆ ಗೊತ್ತಿತ್ತು. ಹೊರಡುವ ಮುನ್ನ ಕಲ್ಲಪ್ಪ ಕೇಳಿದಾಗ, ‘ಇನ್ನೂ ಎಂಟು ದಿನ ಐತೆ ಬಿಡೋ, ಅಷ್ಟ್ರಾಗೆ ಬರ್ತೀನಿ’ ಎಂದಿರಂತೆ. ಹೊಟ್ಟೆಯೊಳಗಿನ ಮಗುವಿಗೂ ತಾರೀಖು ಹಾಕಿ ಹೋದಿರಿ.

ನಾನು ದಡಕ್ಕೆ ಓಡಿದೆ. ಉಜ್ಜಪ್ಪ ಮೊಣಕಾಲು ನೀರಿನಲ್ಲಿ ನಿಂತು ಬೀಗವನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದ. ಬಳೆ ಕೀಳೋಣವೆಂದರೆ ಮೂತಿಯ ಹಲಗೆಯೇ ಕಿತ್ತು ಬರುತ್ತದೆ. ಸರಪಳಿ ಕತ್ತರಿಸೋಣವೆಂದರೆ ಕಮ್ಮಾರ ಶಿರಾಳಕೊಪ್ಪದ ಸಂತೆಗೆ ಹೋಗಿದ್ದಾನೆ. ಉಳಿದದ್ದು ಮರ. ಸರಪಳಿ ಕಬ್ಬಿಣದ್ದು, ಮರ ಮರದ್ದು. ಸುತ್ತಿನ ಮೇಲಕ್ಕೆ ಕಡಿದು ಉರುಳಿಸಿದರೆ ಸರಪಳಿಯನ್ನು ಬೊಡ್ಡೆಯಿಂದ ಮೇಲಕ್ಕೆ ಕಳಚಬಹುದು. ನಾನು ‘ಕಡಿ’ ಎಂದೆ. ಉಜ್ಜಪ್ಪ ನನ್ನ ಮುಖ ನೋಡಿದ.

‘ಆ ಮರ ಬ್ಯಾಡ್ರೀ ಅಮ್ಮಾ’ ಎಂದ. ‘ಬ್ಯಾರೆ ಏನಾರ ಹೇಳ್ರಿ, ಮಾಡ್ತೀನಿ. ಆ ಮರ ಬ್ಯಾಡ. ಯಜಮಾನ್ರು ಬಂದು ಕೇಳಿದ್ರೆ ನಾ ಏನ್ ಹೇಳ್ಲಿ?’

ಅಕ್ಕಪಕ್ಕದ ಗದ್ದೆಯವರು ಬಂದು ನಿಂತಿದ್ದರು. ಯಾರೂ ಕೈಹಚ್ಚಲಿಲ್ಲ. ಆಗ ಹೇಳಿದೆ: ‘ಮಹೇಶ್ವರಪ್ಪನವರ ಹೆಂಡತಿ ಹೇಳ್ತಿದೀನಿ, ಕಡಿ. ಮಹೇಶ್ವರಪ್ಪನವರಿಗೆ ನಾನು ಉತ್ತರ ಕೊಡ್ತೀನಿ.’

ಗಂಡನ ಹೆಸರನ್ನು ನನ್ನ ಬಾಯಲ್ಲಿ ಕೇಳಿ ಉಜ್ಜಪ್ಪ ಬೆಚ್ಚಿಬಿದ್ದ. ಮರ ಕಡಿಯುವುದಕ್ಕಿಂತ ದೊಡ್ಡ ಅನಾಹುತ ಆಗಿಹೋಯಿತು ಅನ್ನಿಸಿರಬೇಕು. ಹೋಗಿ ಕೊಡಲಿ ತಂದ. ಇನ್ನೊಬ್ಬರೂ ಬಂದರು. ಮರ ನೀರಿನ ಕಡೆಗೆ ಬಿತ್ತು. ಹಾರೆ ಹಾಕಿ ಸರಪಳಿ ಕಳಚಿದಾಗ ದೋಣಿ ಒಮ್ಮೆಗೇ ಮೂತಿ ಎತ್ತಿತು. ಆ ಕ್ಷಣ ನನಗೆ ಅಳು ಬರಬೇಕಿತ್ತು. ಸಿಟ್ಟು ಬಂತು. ಇವತ್ತಿಗೂ ಇಳಿದಿಲ್ಲ.

ಎಂಜಿನ್ ಹೂಂಗುಟ್ಟುವಂತಿಲ್ಲ, ಅದರ ಉಸಿರು ನಿಮ್ಮ ಜೇಬಿನಲ್ಲಿದೆ. ಬಿದಿರ ಗಳು ಹಿಡಿದು ಉಜ್ಜಪ್ಪ, ಹಲಗೆಯ ತುಂಡನ್ನೇ ಹುಟ್ಟು ಮಾಡಿಕೊಂಡು ನಾನು. ಹೋಗುವಾಗಲೇ ಸೆಳವು ನಮ್ಮನ್ನು ಬೇರೆ ಕಡೆಗೆ ಒಯ್ದಿತು. ಹೇಗೋ ತಿರುಗಿಸಿ ಆಚೆ ದಡ ಮುಟ್ಟಿದರೆ, ಕಲ್ಲಪ್ಪನ ತಾಯಿ ಹುಚ್ಚಮ್ಮ ಸೊಸೆಯನ್ನು ಕಂಬಳಿಯಲ್ಲಿ ಮಲಗಿಸಿಕೊಂಡು ಕಾಯುತ್ತಿದ್ದಳು. ನೋಡಿದ ಕೂಡಲೇ ಬೈಗುಳ: ‘ಎಲ್ಲೈತ್ರವ್ವಾ ನಿಮ್ಮ ಗುರುಗುರು ಮಿಷನ್ನು? ಹೋಳಿಗೆ ತಿನ್ನಾಕೆ ಹೋಗೈತಾ?’

‘ಹೌದು, ಕುಪ್ಪಗಡ್ಡೆಗೆ ಹೆಣ್ಣು ನೋಡಾಕೆ ಹೋಗೈತೆ’ ಎಂದೆ. ಆ ನೋವಿನಲ್ಲೂ ಮೂಕಮ್ಮ ನಕ್ಕಳು. ಆ ನಗು ನಿಮಗೆ ಕೇಳಿಸಬೇಕಿತ್ತು.

ಎಂಜಿನ್ ಓಡುವಂತಿದ್ದರೆ ಅವಳು ಶಿಕಾರಿಪುರದ ಆಸ್ಪತ್ರೆಯ ಮಂಚದ ಮೇಲೆ ಹೆರುತ್ತಿದ್ದಳು. ಹೆತ್ತದ್ದು ನಟ್ಟನಡುವೆ ನೀರಿನಲ್ಲಿ. ಹುಚ್ಚಮ್ಮ ಮಗು ಹಿಡಿದಳು, ಕಲ್ಲಪ್ಪ ಗಳು ಹಿಡಿದ ಉಜ್ಜಪ್ಪನಿಗೆ ಕೈಜೋಡಿಸಿದ. ನಾನು ತೆಂಗಿನ ಚಿಪ್ಪಿನಲ್ಲಿ ನೀರು ಮೊಗೆದು ಹಾಕುತ್ತಿದ್ದೆ. ಮೂತಿಯ ಹಲಗೆ ಸಡಿಲವಾಗಿತ್ತು. ಮೊಗೆದಷ್ಟೂ ಬರುತ್ತಿತ್ತು, ಸ್ವಲ್ಪ ಹೊತ್ತಿಗೆ ಆ ನೀರು ಕೆಂಪಾಯಿತು. ಹೊಳೆಯ ಕೆಂಪಲ್ಲ. ದಡ ಸೇರಿ, ಗಾಡಿ ಹೂಡಿ, ಆಸ್ಪತ್ರೆ ಮುಟ್ಟುವಾಗ ಮೂಕಮ್ಮನಿಗೆ ಪ್ರಜ್ಞೆ ಇರಲಿಲ್ಲ. ನಿನ್ನೆ ಸಂಜೆ ಕಣ್ಣು ಬಿಟ್ಟಿದ್ದಾಳೆ. ಜ್ವರ ಇದೆ. ಉಳಿಯುತ್ತಾಳೆ ಎಂದು ಡಾಕ್ಟರು ಹೇಳಿದ್ದಾರೆ. ಮಗು ಹೆಣ್ಣು. ಚೆನ್ನಾಗಿದೆ, ವಿಪರೀತ ಗಂಟಲು.

ಇಷ್ಟು ಓದಿದ ಮೇಲೆ ನೀವು ‘ಸದ್ಯ, ಏನೂ ಆಗಲಿಲ್ಲವಲ್ಲ’ ಎಂದು ನಿಟ್ಟುಸಿರು ಬಿಡುತ್ತೀರಿ. ಅದನ್ನು ನಾನು ಕಾಣಬಲ್ಲೆ, ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಳ್ಳುವುದನ್ನೂ ಕಾಣಬಲ್ಲೆ. ಬಿಡಬೇಡಿ. ಅವಳು ಉಳಿದದ್ದು ನಿಮ್ಮ ಪುಣ್ಯವಲ್ಲ. ನೀವು ಒಳ್ಳೆಯವರು, ಊರೇ ಹೇಳುತ್ತದೆ, ನಾನೂ ಹೇಳುತ್ತೇನೆ. ಒಳ್ಳೆಯವರು ಯಾರೋ ಸಂತೆಯಲ್ಲಿ ನಕ್ಕರೆಂದು ಒಂದು ದಡದ ಹೆಂಗಸರ ದಾರಿಗೆ ಬೀಗ ಹಾಕುವುದನ್ನು ನೋಡಿದಷ್ಟು ಸಿಟ್ಟು ಕೆಟ್ಟವರನ್ನು ನೋಡಿದಾಗ ಬರುವುದಿಲ್ಲ.

ಇನ್ನು ನನಗೆ ಬೇಕಾದದ್ದು. ಕಾಗದ ತಲುಪಿದ ಕೂಡಲೇ ಸೊರಬಕ್ಕೆ ಬಂದು, ಶಿಕಾರಿಪುರದ ಬಸ್ಸಿನ ಕಂಡಕ್ಟರ ಕೈಯಲ್ಲಿ ಪ್ಲಗ್ ಮತ್ತು ಬೀಗದ ಕೈ ಕಳಿಸಿ. ನೀವು ನಿಧಾನವಾಗಿ ಬಂದರೆ ಸಾಕು. ಆಚೆ ದಡದಲ್ಲಿ ಇನ್ನೊಬ್ಬಳು ಬಸುರಿ ಇದ್ದಾಳೆ, ಅವಳಿಗೆ ನೀವು ಬೇಕಾಗಿಲ್ಲ, ಪ್ಲಗ್ ಬೇಕು. ಹಲಗೆಗೆ ಬಡಗಿಯನ್ನು ಕರೆಸಿದ್ದೇನೆ. ದೋಣಿಯನ್ನು ಈಗ ಉದ್ದ ಹಗ್ಗದಲ್ಲಿ ಕಲ್ಲುಗೂಟಕ್ಕೆ ಕಟ್ಟಿದ್ದೇನೆ, ನೀರಿನ ಜೊತೆ ಏರಿ ಇಳಿಯುತ್ತಿದೆ. ಇನ್ನು ಮುಂದೆ ಅದನ್ನು ಕಟ್ಟುವವಳೂ ಬಿಚ್ಚುವವಳೂ ನಾನು. ಕುಪ್ಪಗಡ್ಡೆಯವರಿಗೆ ಇದನ್ನು ಈಗಲೇ ಹೇಳಿಬಿಡಿ. ಒಪ್ಪುವವರಾದರೆ ಆ ಹುಡುಗಿಗೂ ಎಂಜಿನ್ ಕಲಿಸುತ್ತೇನೆ. ಒಪ್ಪದಿದ್ದರೆ ಹೋಳಿಗೆ ತಿಂದು ಎದ್ದು ಬನ್ನಿ.

ನೀಲಾಂಬಿಕ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಬೇರೆ ಮರಗಳಿದ್ದವು. ನೀವು ಆ ನೇರಳೆಗೇ ಕಟ್ಟಿದಿರಿ. ನಾವು ಆಚೆ ದಡದಲ್ಲಿದ್ದಾಗ, ದೋಣಿಯಿಲ್ಲದೆ, ಕೆರೆ ಬಳಸಿ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಗಾಡಿಯೊಳಗೇ ಹುಟ್ಟಿ, ಅಲ್ಲೇ ಹೋದ ನಮ್ಮ ಮಗಳನ್ನು ಈ ದಡದಲ್ಲಿ ನಿಮ್ಮ ಕೈಯಾರೆ ಮಣ್ಣು ಮಾಡಿ, ಅವಳ ಮೇಲೆ ನೀವೇ ನೆಟ್ಟ ಸಸಿ ಅದು. ‘ಇನ್ನು ಯಾವ ಹೆಣ್ಣೂ ಈ ನೀರು ನೋಡಿಕೊಂಡು ಕೂರಬಾರದು’ ಎಂದು ಅತ್ತು ಮರುವರ್ಷವೇ ದೋಣಿ ಮಾಡಿಸಿದವರು ನೀವು. ಕೊಡಲಿಯ ಮೊದಲ ಏಟು ಉಜ್ಜಪ್ಪನಿಂದ ಹಾಕಿಸಲಿಲ್ಲ. ನಾನೇ ಹಾಕಿದೆ. ಬಂದಾಗ ಬೊಡ್ಡೆಯ ಹತ್ತಿರ ಚಪ್ಪಲಿ ಬಿಟ್ಟು ಹೋಗಿ.