ಕನ್‌ಫ್ಯೂಷನ್ ಯಾರದ್ದು?

ಮಂಗಳವಾರ, ಮಾರ್ಚ್ ೧೧

ಪ್ರೀತಿಯ ತಮ್ಮನಿಗೆ,

ನಿನ್ನ ಜ್ವರ ಬಿಟ್ಟಿತೇ? ನಿನ್ನ ಹೆಂಡತಿಯ ಸೊಂಟನೋವು ಹೇಗಿದೆ? ನಮ್ಮ ಗುಂಡಣ್ಣನಿಗೆ ಮುಂದಿನ ಹಲ್ಲು ಬಂತೇ, ಇಲ್ಲ ಇನ್ನೂ ಅರ್ಧ ಮಾತು ಗಾಳಿಗೇ ಹೋಗುತ್ತಿದೆಯೇ? ನೀನು ಮಾವನ ಮನೆಗೆ ಹೋಗಿ ಹನ್ನೆರಡು ದಿನವಾಯಿತು. ಕಾಗದ ತಡವಾಯಿತೆಂದು ಬೈಯಬೇಡ. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಹಾಳೆ ಮಡಚಿಟ್ಟು ಎದ್ದೆ.

ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸವೇನೋ ನಡೆಯುತ್ತಿದೆ. ದೊಡ್ಡ ಇಸ್ತ್ರಿ ರೋಲರ್ ಮಾತ್ರ ನಿಂತಿದೆ. ನಮ್ಮ ಜೊತೆ ಕೆಲಸದ ಗಿಣಿಯ ಕೈ ಅದರಲ್ಲಿ ಸಿಕ್ಕಿದಂದಿನಿಂದ ಯಾರೂ ಅದರ ಹತ್ತಿರ ಸುಳಿಯುತ್ತಿಲ್ಲ. ಅವಳ ವಟವಟವಿಲ್ಲದೆ ಕೋಣೆ ಬಿಕೋ ಎನ್ನುತ್ತದೆ.

ಭಾನುವಾರ ಅವಳನ್ನು ನೋಡಿಬಂದೆ. ಎರಡು ಬೆರಳು ಹೋಗಿವೆ. "ಅಕ್ಕಾ, ಇನ್ಮೇಲೆ ನನ್ ಲೆಕ್ಕ ಎಂಟಕ್ಕೇ ಮುಗೀತು" ಎಂದು ನಕ್ಕಳು. ಆಮೇಲೆ ದನಿ ತಗ್ಗಿಸಿ, "ನಾನು ಬಿಲ್ಲೆ ಹಾಕಿದ್ನಲ್ವಾ? ಎಲ್ರೂ ಹಾಕಿರ್ಲಿಲ್ಲ ಅಂತಾರೆ. ಈಗ ನಂಗೇ ಅನುಮಾನ ಬರ್ತಿದೆ" ಎಂದಳು. ನಾನು ತಲೆ ತಗ್ಗಿಸಿಕೊಂಡು ಕಿತ್ತಳೆ ಸುಲಿಯುತ್ತಾ ಕೂತೆ.

ನೀನು ಪಾಳಿಯ ಮೇಸ್ತ್ರಿ, ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ರೋಲರಿಗೆ ಬಟ್ಟೆ ಸಿಕ್ಕಿಕೊಂಡರೆ ಸ್ವಿಚ್ ಆರಿಸಿ, ಅದರ ಮೇಲೆ ತನ್ನ ಹಿತ್ತಾಳೆ ಬಿಲ್ಲೆ ನೇತುಹಾಕಿ, ಆಮೇಲೆ ಕೈ ಒಳಗಿಡಬೇಕು. ಹಾಕಿದವರೇ ತೆಗೆಯಬೇಕು. ಇನ್ನೊಬ್ಬರ ಬಿಲ್ಲೆ ಮುಟ್ಟುವಂತಿಲ್ಲ. ನಮ್ಮ ಬಟ್ಟೆಮನೆಗೆ ಇದೇ ವೇದವಾಕ್ಯ.

ಮುಂದಿನ ವಾರ ಗುರುವಾರ ವಿಚಾರಣೆಯಿದೆ. ಆ ಕೋಣೆಯ ಹಿರಿಯಳೆಂದು ನನ್ನ ಸಹಿ ಬೇಕಂತೆ. ಗುಮಾಸ್ತ ಇಂಗ್ಲಿಷಿನಲ್ಲಿ ವರದಿ ಬರೆದು ತಂದ. ಕೆಲಸದವಳ ಕನ್‌ಫ್ಯೂಷನ್‌ನಿಂದ ಆದ ಅಪಘಾತ ಎಂದಿದೆ. ಅದಕ್ಕೆ ಸಹಿ ಬಿದ್ದರೆ ತಪ್ಪು ಅವಳ ತಲೆಗೆ. ಕೆಲಸವೂ ಹೋಯಿತು, ಚಿಕಿತ್ಸೆಯೂ ನಿಂತಿತು.

"ಮೆತ್ತಗಿರೋ ಪದ ಹುಡುಕಿ ಹಾಕಿದೀನಿ ಅಕ್ಕಾ, ಯಾರಿಗೂ ನೋವಾಗಲ್ಲ" ಎಂದ.

"ನೋವಾದೋಳನ್ನ ಕೇಳಿದ್ಯಾ?" ಎಂದೆ.

"ಅಯ್ಯೋ, ನಿಮ್ಗೆ ಇಂಗ್ಲಿಷ್ ಯಾರು ಕಲಿಸಿದ್ರೋ ಅವ್ರನ್ನ ಹಿಡ್ಕೊಂಡು ಬೈಬೇಕು!"

ಸೋಪಿನ ಡಬ್ಬಗಳನ್ನು ಬೈಯಬೇಕಾದೀತು ಪಾಪ, ಅವುಗಳ ಮೇಲಿನ ಅಕ್ಷರ ಕೂಡಿಸಿ ಓದಿಯೇ ಕಲಿತವಳು ನಾನು. ಸಂಜೆ ರಟ್ಟು ಹೋದ ನನ್ನ ನಿಘಂಟು ತೆಗೆದೆ. ಒಂದನ್ನು ಇನ್ನೊಂದೆಂದು ತಿಳಿಯುವುದು, ಏನೂ ತೋಚದಿರುವುದು, ಎಲ್ಲವೂ ಚೆಲ್ಲಾಪಿಲ್ಲಿಯಾಗುವುದು, ನಾಚಿಕೆಯಿಂದ ಪೆಚ್ಚಾಗುವುದು. ಇಷ್ಟೂ ಆ ಒಂದೇ ಪದದ ಹೊಟ್ಟೆಯಲ್ಲಿ! ಒಂದೊಂದನ್ನೂ ಗಿಣಿಗೆ ಹೊಂದಿಸಿ ನೋಡಿದೆ. ಹನ್ನೊಂದು ವರ್ಷ ಆ ರೋಲರಿನೊಡನೆ ಬಾಳಿದವಳಿಗೆ ಯಾವುದು ತೋಚದು? ಪೆಚ್ಚಾಗುವ ಅರ್ಥ ಮಾತ್ರ ಪುಟದಿಂದೆದ್ದು ನನ್ನ ಕಡೆಗೇ ನೋಡಿದಂತಾಯಿತು.

ಪಕ್ಕದ ಮನೆಯ ಇಂಗ್ಲಿಷ್ ಮೇಡಂ ಬಳಿಗೂ ಹೋದೆ. "ಅದು ಒಬ್ಬರ ತಲೆಯೊಳಗೂ ಇರುತ್ತೆ, ಸಂತೆಯಂಥ ಗದ್ದಲಕ್ಕೂ ಅಂತಾರೆ" ಎಂದರು. ಕೊನೆಗೆ ಕನ್ನಡಕ ತೆಗೆದು, "ಆದ್ರೆ ಮಾಡಿದ್ಯಾರು ಅಂತ ಹೇಳ್ದೆ ಕಾಗದ ಮುಗಿಸ್ಬೇಕಲ್ಲ, ಆಗ ಕಚೇರಿಯವ್ರಿಗೆ ಈ ಪದ ಬಲು ಪ್ರೀತಿ ನೋಡಿ" ಎಂದರು. ಅವರಿಗೆ ನಮ್ಮ ವಿಷಯ ಏನೂ ಗೊತ್ತಿಲ್ಲ. ಆದರೂ ನನ್ನ ಕಿವಿ ಬಿಸಿಯಾಯಿತು.

ನಾನಿನ್ನೂ ಸಹಿ ಹಾಕಿಲ್ಲ. ಗುಮಾಸ್ತ ದಿನಕ್ಕೆರಡು ಸಲ ಬಾಗಿಲಲ್ಲಿ ಬಂದು ನಿಲ್ಲುತ್ತಾನೆ.

ನಿನ್ನ ಹೆಂಡತಿಗೆ ಭಾರ ಎತ್ತಬೇಡ ಎಂದು ಹೇಳು. ಗುಂಡಣ್ಣನ ಕೆನ್ನೆ ಹಿಂಡು. ನಿಮಗೆಲ್ಲ ಒಳ್ಳೆಯದಾಗಲಿ, ನೆಮ್ಮದಿಯ ನಿದ್ದೆ ಬರಲಿ.

ನಿನ್ನ
ಅಕ್ಕ

ವಿ.ಸೂ.: ಲಕೋಟೆ ಅಂಟಿಸಿದ್ದವಳು ಹರಿದು ಮತ್ತೆ ತೆರೆದಿದ್ದೇನೆ. ಗಿಣಿ ಬಿಲ್ಲೆ ಹಾಕಿದ್ದಳು. ನೀನು ಅದನ್ನು ತೆಗೆದು ಸ್ವಿಚ್ ಹಾಕಿದೆ. ವಾರ್ಡಿನವರು ಹಾಸುಗಳಿಗೆ ಅವಸರ ಮಾಡುತ್ತಿದ್ದರು. "ಮರ್ತು ಊಟಕ್ಕೆ ಹೋಗಿದಾಳೆ, ತೆಗೀಲಾ ಅಕ್ಕಾ?" ಎಂದು ನನ್ನನ್ನು ಕೇಳಿದೆ. ರೋಲರಿನ ಹಿಂದೆ ಹೋಗಿ ಒಮ್ಮೆ ನೋಡಬೇಕಿತ್ತು ನಾನು. ಮಡಚುತ್ತಿದ್ದ ಹಾಸಿನಿಂದ ತಲೆಯನ್ನೂ ಎತ್ತದೆ "ಹೂಂ" ಎಂದೆ.

ಗುರುವಾರ ನನ್ನ ಆ "ಹೂಂ" ಅನ್ನು ಎಲ್ಲರೆದುರು ಹೇಳುತ್ತೇನೆ. ಯಾರಿಗೆ ಹೂಂ ಎಂದೆ ಎಂದು ಕೇಳಿದರೆ ಅದನ್ನೂ ಹೇಳುತ್ತೇನೆ. ಅಷ್ಟರೊಳಗೆ ಅವಳಿಗೆ ನಿನ್ನ ಕೈಯಿಂದಲೇ ಒಂದು ಸಾಲು ಹೋಗಲಿ, "ಗಿಣೀ, ನೀನು ಬಿಲ್ಲೆ ಹಾಕಿದ್ದೆ" ಎಂದು. ಈ ಸಲ ನನಗೆ ಬರೆಯಬೇಡ, ಅವಳಿಗೆ ಬರೆ. ಬೇಗ ಬರೆ ಮಗು.