ಧ್ಯಾನದ ಗುಳಗಿ

೧೨ ಜೂನ್, ಬುಧವಾರ. ಮುಂಜಾನೆ ೮

ಪೂಜಿ ಇವತ್ತೂ ಅರ್ಧಕ್ಕೇ ಬಿಟ್ಟೆ. ಎಡಗೈಯಾಗ ಲಿಂಗ, ಮನಸ್ಸು ಕಲ್ಲೋಳಿ ಬಸ್‌ಸ್ಟ್ಯಾಂಡಿನಾಗ. ಮೂರು ಉಸಿರಿನಷ್ಟು ಹೊತ್ತೂ ದೃಷ್ಟಿ ನಿಲ್ಲಂಗಿಲ್ಲ. ಹೆಂಡತಿ ಅಕ್ಕವ್ವ ಇದ್ದಾಗ ಹಿಂಗಿರಲಿಲ್ಲ. ಬಾಜೂಕ ಕೂತು ಪತ್ರಿ ಎತ್ತಿ ಕೊಡತಿದ್ಲು, ನನ್ನ ಕಣ್ಣು ಅತ್ತಿತ್ತ ಹೋದ್ರ ಮೊಣಕಾಲಿಗೆ ಚಿವುಟತಿದ್ಲು. ಆಕಿ ಹೋಗಿ ಹದಿನಾಲ್ಕು ತಿಂಗಳಾತು. ಈಗ ಚಿವುಟೋರಿಲ್ಲ.

ನಿನ್ನೆ ಮೂಡಲಗಿ ತಹಶೀಲ್ದಾರ್ ಆಫೀಸಿನ ಮುಂದ ಮತ್ತ ಮರ್ಯಾದಿ ಹೋತು. ಸುಂದ್ರವ್ವನ ವಿಧವಾ ಪಗಾರದ ಅರ್ಜಿ. ತೀರಿಕೊಂಡ ಗಂಡನ ಹೆಸರಿನ ಜಾಗಾದಾಗ ಆಕಿ ಹೆಸರೇ ಬರದೆ. "ಯಪ್ಪಾ, ನನ್ನನ್ನ ಯಾವಾಗ ಮಣ್ಣು ಮಾಡಿದಿ?" ಅಂದ್ಲು. ಚಾದಂಗಡಿ ಮಾಳಪ್ಪ ನಕ್ಕಿದ್ದೇ ನಕ್ಕಿದ್ದು. "ರೈಟರ ಸಾಹೇಬ್ರ, ಸತ್ತೋರೇ ಬಂದು ಹೆಬ್ಬಟ್ಟು ಒತ್ತಬೇಕೇನ್ರಿ?" ಮೂವತ್ತೊಂದು ವರ್ಷ ಅರ್ಜಿ ಬರದ ಕೈ ಇದು. ಬಿ.ಎ. ಸೆಕೆಂಡ್ ಇಯರ್ ತನಕ ಇಂಗ್ಲಿಷ್ ಮೇಜರ್ ಓದಿದ ತಲಿ. ಈಗ — ಬ್ಲಾಂಕ್. ಬ್ಲಾಂಕ್ ಪೇಪರ್.

ಒಳಗ ಸೊಸಿ ರಾಧಿಕಾ ಒದರಾಕತ್ತಾಳ: "ಕಾಜಲ್! ಧ್ಯಾನದ ಗುಳಗಿ ತಗೊಂಡಿ?" ಮೊಮ್ಮಗಳಿಗೆ ಹತ್ತು ವರ್ಷ. ಸಾಲ್ಯಾಗ ಒಂದು ಕಡೆ ಕೂಡಂಗಿಲ್ಲ, ಪಾಠದ ಮ್ಯಾಲೆ ಧ್ಯಾನ ಇರಂಗಿಲ್ಲ ಅಂತ ಬೆಳಗಾವಿ ಡಾಕ್ಟರ್ ಬರದು ಕೊಟ್ಟ ಗುಳಗಿ. ಹುಡುಗಿಗೆ ಚಲೋ ಆಗೈತಿ, ಸುಳ್ಳು ಯಾಕ. ಅದರ ಇಂಗ್ಲಿಷ್ ಹೆಸರು ಉದ್ದ, ನಾಲಿಗಿಗೆ ಹೊರಳಂಗಿಲ್ಲ. ಮನ್ಯಾಗ ಎಲ್ಲಾರ ಬಾಯಾಗೂ ಧ್ಯಾನದ ಗುಳಗಿ.

ನಗು ಬಂತು. ಧ್ಯಾನ ಬೇಕಾಗಿರೋದು ನನಗ.

೧೭ ಜೂನ್, ಸೋಮವಾರ. ಸಂಜೆ

ತಗೊಂಡೆ. ಒಂದೇ.

ರಾಧಿಕಾ ಹಿತ್ತಲದಾಗ ಅರಿವಿ ಒಗ್ಯಾಕತ್ತಿದ್ಲು. ಗುಳಗಿ ಪಾಕೀಟು ಫ್ರಿಜ್ಜಿನ ಮ್ಯಾಲೆ. ಕಳ್ಳನಂಗ ಒಂದು ಬಿಡಿಸಿಕೊಂಡೆ. ನನ್ನ ಬಿಪಿ ಗುಳಗಿ ಜೋಡಿ ಒಂದೇ ಗುಟುಕಿಗೆ ನುಂಗಿದೆ. ಸಣ್ಣ ಮಕ್ಕಳಿಗೆ ಕೊಡೋ ಔಷಧ, ದೊಡ್ಡೋರಿಗೆ ಏನು ಮಾಡೀತು? ಹಾರ್ಮ್‌ಲೆಸ್.

ಅರ್ಧ ತಾಸು ಬಿಟ್ಟು ಪೂಜಿಗೆ ಕೂತೆ. ದೃಷ್ಟಿ ನಿಂತತು. ನಿಂತೇ ಬಿಟ್ಟತು! ಮಿಕ್ಸರ್ ಸಪ್ಪಳ, ಬಸ್ಸಿನ ಹಾರ್ನ್ ಎಲ್ಲಾ ದೂರ. ಅಂಗೈ ಮ್ಯಾಲೆ ಕರೀ ಲಿಂಗ, ಅದರಾಗ ಕಿಡಕಿ ಬೆಳಕಿನ ಒಂದು ಚುಕ್ಕಿ. ಅದಷ್ಟೇ. ಕಣ್ಣಾಗ ನೀರು ಬಂತು.

ಮೂಡಲಗ್ಯಾಗ ಹನ್ನೊಂದು ಅರ್ಜಿ, ಒಂದೂ ಕಾಟು ಇಲ್ಲ. ಬ್ಯಾಂಕಿನ ಅರ್ಜಿ ಇಂಗ್ಲಿಷಿನ್ಯಾಗ — 'ಐ ಬೆಗ್ ಟು ಸ್ಟೇಟ್' ಅಂತ ಶುರು ಮಾಡಿ 'ಫಾರ್ ವಿಚ್ ಆಕ್ಟ್ ಆಫ್ ಕೈಂಡ್‌ನೆಸ್' ತನಕ ಸರಸರ. ಮಾಳಪ್ಪ ಅಂದ: "ಏನ್ರಿ ರೈಟರ, ಇವತ್ತ ಫುಲ್ ಚಾರ್ಜ್ ಆಗಿ ಬಂದೀರಲ್ಲ!"

ಬರೋಬ್ಬರಿ ಶಬ್ದ. ಆದ್ರ ಮನಿಗೆ ಬಂದು ಕೂತ ಮ್ಯಾಲೆ ಎದಿ... ಕೂತಲ್ಲೇ ಗುಡ್ಡ ಹತ್ತಿ ಬಂದಂಗ. ಇದಕ್ಕೊಂದು ಇಂಗ್ಲಿಷ್ ಶಬ್ದ ಐತಿ. ಪಾ... ಪಾಪ್ಯುಲೇಶನ್? ಅಲ್ಲ. ಎಲ್ಲಾ ನೆನಪಾದ್ವು, ಅದೊಂದು ಬರವಲ್ದು.

ನಾಳೆ ತಗೊಳಂಗಿಲ್ಲ.

೨೯ ಜೂನ್, ಶನಿವಾರ. ಮುಂಜಾನೆ

ದಿನಾ ಒಂದು. ಕೆಲವೊಮ್ಮೆ ಮಧ್ಯಾಹ್ನ ಇನ್ನೊಂದು. ಯಾಕಂದ್ರ ನಾಲ್ಕು ಗಂಟೆಗೆ ಮನಸ್ಸು ಧೊಪ್ಪಂತ ಬೀಳತದ — ಮೊದಲಿಗಿಂತ ಕೆಳಗ. ಅಕ್ಕವ್ವ ಇವತ್ತೇ ಸತ್ತಂಗ.

ರೊಟ್ಟಿ ಸೇರಂಗಿಲ್ಲ. "ಮಾವಾರ, ನನ್ನ ಕೈ ಅಡಗಿ ಬ್ಯಾಸರಾತೇನ್ರಿ?" ಅಂತ ರಾಧಿಕಾ ಕೇಳಿದ್ಲು. ಧೋತರ ಸಡಲಾಗಿ ಎರಡು ಸಲ ಬಿಗಿದು ಉಡಬೇಕು. ನಿದ್ದಿ ಮೂರು ತಾಸು, ಅದೂ ಚೂರು ಚೂರು.

ಬಾಕಿ ಬರೀಬೇಕಾದದ್ದು ಬ್ಯಾರೆ. ಇವತ್ತ ಪೂಜಿಗೆ ಕೂತಾಗ ಕಾಜಲ್ ಬಂದು ಎದುರಿಗೆ ಕುಕ್ಕರಗಾಲಿಲೆ ಕೂತ್ಲು.

"ಮುತ್ಯಾ, ನಿನ್ನ ದೇವ್ರು ಕುಣ್ಯಾಕತ್ತಾನ."

ನೋಡಿದೆ. ಖರೆ. ಅಂಗೈ ಮ್ಯಾಲೆ ಲಿಂಗ ಜಿಗಿಯಾಕತ್ತಿತ್ತು — ಸಣ್ಣಗೆ, ಒಂದೇ ಸವನೆ. ಕೈ ನಡಗೋದಲ್ಲ ಅದು. ನನ್ನ ನಾಡಿ. ಗಡಿಯಾರ ಎದುರಿಗಿಟ್ಟು ಲಿಂಗದ ಕುಣತ ಎಣಿಸಿದೆ. ನಿಮಿಷಕ್ಕ ನೂರಾ ಹದಿನಾಲ್ಕು. ಮತ್ತ ಎಣಿಸಿದೆ. ನೂರಾ ಹದಿನೆಂಟು. ಎಣಿಸಿದಷ್ಟೂ ಏರತದ. ಅಂಜಿಕಿಗೆ ಏರತೈತೋ, ಏರಿದ್ದಕ್ಕ ಅಂಜಿಕಿಯೋ...

ಕಾಜಲ್ ಚಪ್ಪಾಳಿ ತಟ್ಟಿದ್ಲು. ನಾನೂ ನಕ್ಕೆ. ನಗಬೇಕಾತು.

೮ ಜುಲೈ, ಸೋಮವಾರ

ಸಿಕ್ಕಿ ಬಿದ್ದೆ ಅಂದ್ಕೊಂಡೆ. ಸಿಕ್ಕಿದ್ದು ಕಾಜಲ್.

ಎರಡು ತಿಂಗಳಿಗೆ ತಂದ ಗುಳಗಿ ಒಂದು ತಿಂಗಳಿಗೇ ತೀರ್ಯಾವ. ರಾಧಿಕಾ ಹುಡುಗಿ ರಟ್ಟಿ ಹಿಡಿದು ಕೇಳಾಕತ್ತಿದ್ಲು: "ಎಲ್ಲಿ ಒಗದಿ? ಗಟಾರದಾಗ? ನಿಮ್ಮಪ್ಪ ಲಾರಿ ಮ್ಯಾಲೆ ಹಗಲೂ ರಾತ್ರಿ ಒಂದು ಮಾಡಿ ದುಡಿತಾನ, ನೀ ಗುಳಗಿ ಒಗೀತಿ?" ಮಗ ಶಿವಪುತ್ರ ಕೊಲ್ಲಾಪುರದ ಕಡೆ ಹೋದಾಂವ ಊರಾಗಿಲ್ಲ. ಬಿಡಿಸಬೇಕಾದಾಂವ ನಾನು. "ನಾ ಒಗದಿಲ್ಲ ಮಮ್ಮಿ" ಅಂತ ಅಳಾಕತ್ತಿದ್ಲು. ನನ್ನ ಕಡೆ ಒಮ್ಮೆ ನೋಡಿದ್ಲು.

ನಾ ಪೇಪರ್ ಮುಂದ ಹಿಡಕೊಂಡೆ. ತಲಿಕೆಳಗಾಗಿ ಹಿಡದಿದ್ದೆ ಅಂತ ಆಮ್ಯಾಲೆ ಗೊತ್ತಾತು.

ಬೆಳಗಾವಿ ಡಾಕ್ಟರ್ ಫೋನಿನ್ಯಾಗ ಅಂದ್ರಂತ: ತಾರೀಖಿಗೆ ಮೊದಲು ಚೀಟಿ ಬರಿಯಾಕ ಬರಂಗಿಲ್ಲ, ಇದು ಅಂಥಾ ಇಂಥಾ ಗುಳಗಿ ಅಲ್ಲ, ಹುಡುಗಿನ ಕರಕೊಂಡು ಬರ್ರಿ. ಅಂಥಾ ಇಂಥಾದ್ದು ಅಲ್ಲ.

ನನ್ನ ವಿಭೂತಿ ಡಬ್ಯಾಗ ಇನ್ನಾ ಹನ್ನೆರಡು ಅದಾವ. ಬಿಳೇದರಾಗ ಬಿಳೇದು, ಕಾಣಂಗಿಲ್ಲ. ತಿರುಗಿ ಫ್ರಿಜ್ಜಿನ ಮ್ಯಾಲೆ ಇಡಬೇಕು. ನಾಳೆ ಇಡತೇನಿ.

೧೧ ಜುಲೈ, ಗುರುವಾರ

ಇಟ್ಟಿಲ್ಲ. ಇನ್ನಾ ಆರು.

ಹುಕ್ಕೇರಿಗೆ ಹೋಗಿ ಬಂದೆ. ಅಲ್ಲಿ ನನ್ನ ಗುರುತು ಹಿಡಿಯೋರಿಲ್ಲ. ಬಸ್ಸಿನ್ಯಾಗ ಕೂತು ನಾನೇ ಒಂದು ಚೀಟಿ ಬರದಿದ್ದೆ — ಡಾಕ್ಟರ್ ಬರದಂಗ. ಮೂವತ್ತೊಂದು ವರ್ಷ ಮಂದಿಯ ಪರವಾಗಿ ಬರದೇನಿ, ಒಂದು ಚೀಟಿ ಏನು ಮಹಾ.

ಔಷಧ ಅಂಗಡಿಯಾಂವ ಕನ್ನಡಕ ಏರಿಸಿ ಓದಿದ. ಮತ್ತೊಮ್ಮೆ ಓದಿದ. ನಗಾಕ ಶುರು ಮಾಡಿದ.

"ಕಾಕಾ, ಇಷ್ಟು ದುಂಡಗ ಯಾವ ಡಾಕ್ಟರ್ ಬರೀತಾನ್ರಿ? ಅದೂ — 'ಸದರಿ ಗುಳಿಗೆಗಳನ್ನು ದಯಪಾಲಿಸಬೇಕಾಗಿ ವಿನಂತಿ'! ಇದು ಚೀಟಿನೋ, ತಹಶೀಲ್ದಾರ್ರಿಗೆ ಅರ್ಜಿನೋ?"

ಕೈ ತನ್ನ ಚಟ ಬಿಡಲಿಲ್ಲ. ಯಾವಾಗ 'ಸದರಿ' ಬರದೆ ಅನ್ನೋದೂ ನೆನಪಿಲ್ಲ.

ಆಮ್ಯಾಲೆ ನಗು ನಿಲ್ಲಿಸಿದ. "ನಿಮಗ ಬಿಪಿ ಐತೇನ್ರಿ?" ಚೀಟಿ ತಿರುಗಿ ಇಸಗೊಳ್ಳಾಕ ಕೈ ಚಾಚಿದೆ. "ಇದ್ರ ಈ ಗುಳಗಿ ಬ್ಯಾಡ್ರಿ. ಹಾರ್ಟಿಗೆ ಬಡೀತದ. ಮೊನ್ನೆ ಪರೀಕ್ಷಾ ಓದೋ ಹುಡುಗ್ರಿಗೂ ಇದನ್ನೇ ಹೇಳಿ ಹೊಳ್ಳಿ ಕಳಿಸೇನಿ. ಇನ್ನೊಮ್ಮೆ ಹಿಂಗ ಚೀಟಿ ತಂದ್ರ ಪೊಲೀಸ್ರಿಗೆ ಹೇಳಬೇಕಾಗತದ." ಮೊಬೈಲಿನಾಗ ಚೀಟಿ ಫೋಟೋ ತಗೊಂಡ.

ಫೋಟೋ. ನನ್ನ ಅಕ್ಷರ ಮೂಡಲಗ್ಯಾಗ ಯಾರಿಗೆ ಗೊತ್ತಿಲ್ಲ?

೧೨ ಜುಲೈ, ಶುಕ್ರವಾರ

ಆಫೀಸಿನ ಮುಂದ ಒಬ್ಬಾಂವ ಕೆಂಪು ಮೋಟರ್‌ಸೈಕಲ್ ಮ್ಯಾಲೆ ಕೂತಾನ. ಮುಂಜಾನಿಂದ. ನನ್ನನ್ನೇ ನೋಡಾಕತ್ತಾನ. ಮಾಳಪ್ಪ ಅವನ ಕಿವ್ಯಾಗ ಏನೋ ಅಂದ, ಇಬ್ಬರೂ ನಕ್ಕರು.

ಹೋಗಿ ಮಾಳಪ್ಪಗ ಬೈದೆ. ಜೋರಾಗಿ. ಇಂಗ್ಲಿಷಿನ್ಯಾಗೂ ಬೈದೆ — ಬಿಟ್ರೇಯರ್, ದ್ರೋಹಿ ಅಂದೆ. ಮಾಳಪ್ಪನ ಕೈಯಾಗಿನ ಚಾ ಚೆಲ್ಲಿತು. "ಯಣ್ಣಾ, ಅಂವ ನನ್ನ ಸೊಸಿ ತಮ್ಮ. ನಿಮ್ಮ ಕಡೆ ಜಾತಿ ಸರ್ಟಿಫಿಕೇಟ್ ಅರ್ಜಿ ಬರಸಾಕ ಪಾಳಿ ಹಚ್ಚ್ಯಾನ. ನಿಮಗೇನಾಗೇತಿ? ಕಣ್ಣು ನೋಡ್ರಿ ಹೆಂಗಾಗ್ಯಾವ."

ಅವನ ಮಾತು ಖರೆ ಇರಬೇಕು. ಆದ್ರೂ ಹಿಂದಿನ ಓಣ್ಯಾಗಿಂದ ಬಸ್‌ಸ್ಟ್ಯಾಂಡಿಗೆ ಬಂದೆ.

೨೦ ಜುಲೈ, ಶನಿವಾರ. ಮಧ್ಯಾಹ್ನ

ಎಂಟು ದಿನ ಬರದಿಲ್ಲ. ಬರಿಯಾಕ ಏನಿತ್ತು. ಹದಿನಾಲ್ಕಕ್ಕ ಗುಳಗಿ ತೀರಿದ್ವು. ಮೂರು ದಿನ ಹಾಸಗಿ. ಅತ್ತೆ, ಮಲಗಿದೆ, ಅತ್ತೆ. ಜ್ವರ ಅಂತ ಹೇಳಿದೆ. ನಾಕನೇ ದಿನ ಎದ್ದು ಕೂತೆ, ಒಂದೀಟು ಗಂಜಿ ಹೋತು. ಹಂಗೇ ಬಿಟ್ಟಿದ್ರ ಬಿಟ್ಟೇ ಹೋಗತಿತ್ತೇನೋ.

ಗುರುವಾರ ಹುಡುಗಿನ ಡಾಕ್ಟರಿಗೆ ತೋರಿಸಿ ಬೆಳಗಾವಿಯಿಂದ ಹೊಸ ಪಾಕೀಟು ತಂದ್ರು. ರಾಧಿಕಾ ಈಗ ತಿಜೋರ್ಯಾಗ ಇಡತಾಳ. ಕೀಲಿ ಹಿಟ್ಟಿನ ಡಬ್ಬಿ ಕೆಳಗ. ಅದೂ ಗೊತ್ತು ನನಗ. ಎಂಟು ತಗದೆ. ನಿನ್ನೆ ಒಮ್ಮೆಲೆ ಮೂರು.

ಇವತ್ತ ಬಸ್ಸಿನ್ಯಾಗ ಎದಿ ಹಿಡದು ಬಗ್ಗಿ ಕೂತೆ. ಜಿಗಿತ, ಜಿಗಿತ, ಆಮ್ಯಾಲೆ ಒಂದು ಬಡತ ತಪ್ಪಿ ಖಾಲಿ ಜಾಗಾ, ಮತ್ತ ಧಡಕ್. ಆ ಖಾಲಿ ಜಾಗಾ ಐತಲ್ಲ — ಅದರಾಗ ನಾ ಇರಲಿಲ್ಲ. ಮೂಡಲಗ್ಯಾಗ ಇಳೀಲೇ ಇಲ್ಲ. ಗೋಕಾಕಕ್ಕ ಹೋದೆ.

ಡಾಕ್ಟರ್ ಬಾಯಾರು ಸಣ್ಣ ವಯಸ್ಸಿನಾಕಿ. ಎದಿಗೆ ವೈರ್ ಹಚ್ಚಿ ಇಸಿಜಿ ಪಟ್ಟಿ ತಗದ್ರು. ಎದಿ ಮ್ಯಾಲಿನ ಲಿಂಗದ ಕರಡಗಿ ಬಾಜೂಕ ಸರಸಬೇಕಾತು.

"ಕಾಕಾ, ನಾಡಿ ನೂರಾ ಮೂವತ್ತು. ಬಿಪಿ ಭಾಳ ಏರೈತಿ. ನಡನಡುವ ಬಡತ ತಪ್ಪಾಕತ್ತೈತಿ. ಬಿಪಿ ಗುಳಗಿ ಬಿಟ್ಟು ಬ್ಯಾರೆ ಏನರ ತಗೋತೀರೇನ್ರಿ?"

"ಇಲ್ರಿ."

"ಖರೆ ಹೇಳ್ರಿ ಕಾಕಾ. ನಿಮ್ಮ ಮಾತಿನ ಮ್ಯಾಲೆ ನಾ ಔಷಧ ಕೊಡಾಕಿ. ನೀವು ಒಂದು ಮುಚ್ಚಿಟ್ರ, ನಾ ಕೊಟ್ಟ ಔಷಧಾನೇ ನಿಮಗ ತಿರುಗಿ ಬೀಳಬಹುದು."

"ಇಲ್ರಿ. ಚಾ ಒಂದು ಜಾಸ್ತಿ."

ಹಂಗೇ ಅಂದೆ. ಆಕಿ ಬರಕೊಂಡ್ಲು — ಚಾ. ಇವತ್ತ ಇಲ್ಲೇ ಇರ್ರಿ, ಮನ್ಯಾಗಿನೋರನ್ನ ಕರೀರಿ ಅಂದ್ರು. ಮಗ ಬರಲಿ ಅಂತ ಹೇಳಿ ಎದ್ದು ಬಂದೆ. ಮೂರು ನಮೂನಿ ಹೊಸ ಗುಳಗಿ ಕೊಟ್ಟಾರ. ತಗೊಳ್ಳಾಕ ಅಂಜಿಕಿ. ಬಿಡಾಕೂ ಅಂಜಿಕಿ. ಒಳಗ ಏನೈತಿ ಅಂತ ಆಕಿಗೆ ಗೊತ್ತಿಲ್ಲ, ಗೊತ್ತಿದ್ದಾಂವ ನಾನೊಬ್ಬನೇ.

೨೩ ಜುಲೈ, ಮಂಗಳವಾರ. ಮುಂಜಾನೆ ೭

ಲಿಂಗ ಬಿತ್ತು.

ಐವತ್ತೈದು ವರ್ಷದಾಗ ಒಮ್ಮೆಯೂ ಬಿದ್ದಿರಲಿಲ್ಲ. ಇವತ್ತ ಗುಳಗಿ ನುಂಗಿ ಕೂತು, ಅಂಗೈ ಚಾಚಿದೆ. ಜಿಗೀತು. ಕೈಬಟ್ಟು ಮಡಚಿ ಹಿಡಿಯೋದರಾಗ ಫರ್ಶಿ ಮ್ಯಾಲೆ ಟಕ್ ಅಂತು. ಆ ಸಪ್ಪಳ ಇನ್ನಾ ಕಿವ್ಯಾಗ ಐತಿ. ಲಿಂಗ ಕೈ ಬಿಟ್ರ ಪ್ರಾಣ ಬಿಟ್ಟಂಗ ಅಂತ ನಮ್ಮಪ್ಪ ಅಂತಿದ್ದ. ಬಗ್ಗಿ ಎತ್ತಾಕ ಹೋದೆ, ಕಣ್ಣಿಗೆ ಕತ್ತಲಿ. ವಿಭೂತಿ ಡಬ್ಬಿ ಉರುಳಿ ಬಿತ್ತು.

ಕಾಜಲ್ ಓಡಿ ಬಂದ್ಲು. ಮೊದಲು ಲಿಂಗ ಎತ್ತಿ, ತನ್ನ ಫ್ರಾಕಿಗೆ ಒರಸಿ, ನನ್ನ ಅಂಗೈಯಾಗಿಟ್ಲು. ಕೆಳಗ ತನ್ನ ಕೈ ಆಸರಿ ಕೊಟ್ಲು. ಆಮ್ಯಾಲೆ ಚೆಲ್ಲಿದ ವಿಭೂತ್ಯಾಗ ಬಟ್ಟಾಡಿಸಿ ಗುಳಗಿ ಹೆಕ್ಕಿದ್ಲು. ಒಂದು. ಎರಡು. ಊದಿ, ಡಬ್ಯಾಗ ಹಾಕಿ, ಮುಚ್ಚಿದ್ಲು.

"ನನಗ ಮೊದಲೇ ಗೊತ್ತಿತ್ತು ಮುತ್ಯಾ. ನಾ ಹೇಳಂಗಿಲ್ಲ. ಮಮ್ಮಿ ನನಗೇ ಬೈಲಿ. ನೀ ಗುಳಗಿ ತಗೊಂಡಾಗ ಅಳಂಗಿಲ್ಲ ಅಲ್ಲಾ."

೨೪ ಜುಲೈ, ಬುಧವಾರ. ಸಂಜೆ ೬

ನಿನ್ನೆಯಿಂದ ಬಾಯಿ ತಗದೇನಿ, ಮುಚ್ಚೇನಿ. ಬಾಯಿಂದ ಬರಂಗಿಲ್ಲ. ಬರದು ಕೊಡತೇನಿ — ಬರಿಯೋದೊಂದು ಗೊತ್ತೈತಿ ನನಗ.

ರಾಧಿಕಾ ಇವರಿಗೆ. ಅರ್ಜಿದಾರ: ಮಾವ ಅಣ್ಣಪ್ಪ. ವಿಷಯ: ಕಾಜಲ್ ಗುಳಗಿ ಒಗೆದಿಲ್ಲವೆಂಬ ಕುರಿತು. ಮಾನ್ಯರೇ, ಕೆಳಗೆ ಸಹಿ ಮಾಡುವ ನಾನು ಜೂನ್ ಹದಿನೇಳರಿಂದ ಸದರಿ ಗುಳಗಿಗಳನ್ನು

ಕಾಟು ಹೊಡದೆ. ಸದರಿ, ಸದರಿ. ಮಗಳಂಥಾಕಿಗೆ ಸದರಿ ಅಂತ ಬರೀತಾರೇನು.

ಎದಿ ಮತ್ತ ಶುರು ಆತು. ಎಡಗೈ ಭಾರ. ಆ ಶಬ್ದ ಈಗ ನೆನಪಾತು ನೋಡು — ಪಾಲ್ಪಿಟೇಶನ್. ಗೋಕಾಕದ ಬಾಯಾರಿಗೆ ಇದನ್ನ ಹೇಳಬೇಕು. ಬರೇ ಇದನ್ನಲ್ಲ, ಎಲ್ಲಾ. ಇವತ್ತೇ. ಮಾಳಪ್ಪನ ಸೊಸಿ ತಮ್ಮನ ಮೋಟರ್‌ಸೈಕಲ್ ಕರಸಾಕ ಬರತದ... ಇಲ್ಲ, ಕೂಡಾಕ ಆಗಂಗಿಲ್ಲ, ಗಾಡಿ ಬೇಕು.

ರಾಧಿಕಾ ಭಾಂಡಿ ತಿಕ್ಕಾಕತ್ತಾಳ. ನೀರಿನ ಸಪ್ಪಳ ನಿಂತ ಕೂಡ್ಲೇ ಕರೀತೇನಿ.

ನಿಂತತು. ಕರದೆ. "ಬಂದೆ ಮಾವಾರ" ಅಂದ್ಲು.

ಈ ಡೈರಿ ಯಾರೂ ಓದಬಾರ್ದಂತ ಬರದದ್ದು. ಓದಲಿ. ಹದಿನೇಳನೇ ತಾರೀಖಿನ ಹಾಳಿಗೆ ಬಟ್ಟಿಟ್ಟು ಆಕಿ ಕೈಯಾಗ ಕೊಡತೇನಿ.